ಒಬ್ಬಳೇ ಪುಸ್ತಕದಂಗಡಿಗೆ ಹೋದ ಸಂಜೆ: ನನ್ನ ಓದಿನ ರುಚಿಯನ್ನು ಮತ್ತೆ ಹುಡುಕಿಕೊಳ್ಳುವುದು ಹೇಗೆ?

ಪ್ರಶ್ನೆ: ಗಣಿತದ ಟೀಚರ್, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಕಳೆದ ಶನಿವಾರ ಸಂಜೆ ನಮ್ಮ ಯಜಮಾನರು, ನಾನು ಕೇಳದೆಯೇ, ಇಬ್ಬರು ಮಕ್ಕಳನ್ನೂ ಅಮಾನಿಕೆರೆಯ ಕಡೆಗೆ ಕರೆದುಕೊಂಡು ಹೊರಟು, "ಏಳೂವರೆಯವರೆಗೆ ನಾವು ಬರುವುದಿಲ್ಲ, ನೀನೂ ಎಲ್ಲಿಗಾದರೂ ಹೋಗಿ ಬಾ" ಎಂದರು. ಗೇಟು ಹಾಕಿದ ಸದ್ದು ಕೇಳಿದ ಮೇಲೂ ಐದು ನಿಮಿಷ ನಾನು ಅಡುಗೆಮನೆಯಲ್ಲೇ ನಿಂತಿದ್ದೆ. ನೆನೆಸಿಟ್ಟ ಅಕ್ಕಿ ರುಬ್ಬಬೇಕಿತ್ತು, ಎಂಟನೇ ತರಗತಿಯ ಉತ್ತರಪತ್ರಿಕೆಗಳು ಮೇಜಿನ ಮೇಲಿದ್ದವು. ಎರಡನ್ನೂ ಹಾಗೆಯೇ ಬಿಟ್ಟು, ಎಂ.ಜಿ. ರಸ್ತೆಯ ಹತ್ತಿರದ ಪುಸ್ತಕದಂಗಡಿಗೆ ನಡೆದುಕೊಂಡು ಹೋದೆ. ಹಾಗೆ ಒಬ್ಬಳೇ ಪುಸ್ತಕದಂಗಡಿಯ ಮೆಟ್ಟಿಲು ಹತ್ತಿ ನಾಲ್ಕು ವರ್ಷವಾಗಿತ್ತು. ಮಗ ಹೊಟ್ಟೆಯಲ್ಲಿದ್ದಾಗ ಹೋದದ್ದೇ ಕೊನೆ.

ಮುಂದಿನದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ಒಳಗೆ ಹೋದವಳ ಕಾಲು ನೇರವಾಗಿ ಮಕ್ಕಳ ಕಪಾಟಿನ ಕಡೆಗೆ ನಡೆಯಿತು. ದಪ್ಪ ರಟ್ಟಿನ ಚಿತ್ರಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಮೂಲೆ ಚೂಪಾಗಿದೆಯೇ, ಹಾಳೆ ಬೇಗ ಹರಿಯುತ್ತದೆಯೇ, ಒತ್ತಕ್ಷರ ಈಗಷ್ಟೇ ಕಲಿಯುತ್ತಿರುವ ಮಗಳಿಗೆ ವಾಕ್ಯಗಳು ಕಷ್ಟವಾಗುತ್ತವೆಯೇ ಎಂದು ನೋಡುತ್ತಾ ನಿಂತೆ. ಗಡಿಯಾರದ ಕಡೆ ಕಣ್ಣು ಹೋದಾಗ ನಲವತ್ತು ನಿಮಿಷ ಕಳೆದಿತ್ತು. ಮಕ್ಕಳು ಕೆರೆಯ ದಂಡೆಯಲ್ಲಿದ್ದರು, ಆದರೆ ಆ ನಲವತ್ತು ನಿಮಿಷವೂ ನಾನು ಅವರ ಪಕ್ಕದಲ್ಲೇ ಇದ್ದೆ.

ಆಮೇಲೆ ಎದುರಿನ ಸಾಲಿಗೆ ಬಂದೆ. ಕಥೆ, ಕಾದಂಬರಿ, ಪ್ರಬಂಧಗಳ ಸಾಲು. ಅಲ್ಲಿ ನನಗೆ ನಿಜವಾಗಿ ಗಾಬರಿಯಾಯಿತು. ಬಿ.ಎಸ್ಸಿ. ಓದುವಾಗ ವಾರಕ್ಕೊಂದು ಕಾದಂಬರಿ ಮುಗಿಸುತ್ತಿದ್ದವಳಿಗೆ, ಪುಸ್ತಕಗಳ ಬೆನ್ನ ಮೇಲಿದ್ದ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪರಿಚಯವೇ ಇರಲಿಲ್ಲ. "ಯಾವ ತರಹದ ಪುಸ್ತಕ ಬೇಕು ಮೇಡಂ?" ಎಂದು ಅಂಗಡಿಯ ಹುಡುಗ ವಿನಯದಿಂದಲೇ ಕೇಳಿದ. ಏಳು ವರ್ಷದವಳಿಗೆ ಯಾವುದು ಬೇಕು ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ನನಗೆ ಯಾವುದು ಬೇಕು ಎಂಬುದಕ್ಕೆ ಬಾಯಿಗೆ ಮಾತೇ ಬರಲಿಲ್ಲ.

ಕೊನೆಗೆ ಮುಖಪುಟದ ನೀಲಿ ಬಣ್ಣ ಇಷ್ಟವಾಯಿತೆಂಬ ಒಂದೇ ಕಾರಣಕ್ಕೆ ತೆಳುವಾದ ಕಥಾಸಂಕಲನವೊಂದನ್ನು ತೆಗೆದುಕೊಂಡೆ. ಮುದ್ರಣದ ವಿವರಗಳಿರುವ ಪುಟವನ್ನು ಮೊದಲು ಓದುವುದು ನನ್ನ ಹಳೆಯ ಅಭ್ಯಾಸ. ಮೊದಲ ಮುದ್ರಣ, ಪ್ರತಿಗಳು 1000, ಡೆಮಿ 1/8, 70 ಜಿ.ಎಸ್.ಎಂ. ಮ್ಯಾಪ್‌ಲಿಥೋ ಕಾಗದ. ಆ ಸಾಲುಗಳನ್ನು ಓದುತ್ತಿದ್ದಂತೆ ಕಾಲೇಜಿನ ಗ್ರಂಥಾಲಯದ ಕಿಟಕಿಯ ಪಕ್ಕದ ಬೆಂಚು ನೆನಪಾಯಿತು. ಎರಡನೆಯ ಕಥೆಯನ್ನು ನಿಂತಲ್ಲೇ ಓದತೊಡಗಿದೆ. ಊರ ಬಾವಿಗೆ ಹೊಸ ಹಗ್ಗ ತರಲು ಸಂತೆಗೆ ಹೊರಟ ಹೆಂಗಸೊಬ್ಬಳ ಕಥೆ ಅದು. ಹನ್ನೊಂದು ಪುಟ ಓದಿದೆ. ನಡುವೆ ಯಾರೂ "ಅಮ್ಮಾ" ಎಂದು ಕರೆಯಲಿಲ್ಲ. ಒಂದು ಪ್ಯಾರಾವನ್ನಂತೂ ಎರಡು ಸಲ ಓದಿದೆ, ಚೆನ್ನಾಗಿತ್ತು ಎಂಬ ಕಾರಣಕ್ಕೆ. ಹಾಗೆ ಒಂದು ವಾಕ್ಯವನ್ನು ಖುಷಿಗೆಂದು ಎರಡು ಸಲ ಓದಿ ಎಷ್ಟು ಕಾಲವಾಗಿತ್ತೋ! ಮೊಣಕಾಲು ನೋಯತೊಡಗಿದ ಮೇಲೆಯೇ ಇಷ್ಟು ಹೊತ್ತೂ ನಿಂತೇ ಇದ್ದೇನೆಂದು ತಿಳಿದದ್ದು.

ಆ ಪುಸ್ತಕದ ಬೆಲೆ 220 ರೂಪಾಯಿ. ಮಕ್ಕಳ ನಾಲ್ಕು ಪುಸ್ತಕಗಳಿಗೆ 460 ರೂಪಾಯಿಯನ್ನು ಯೋಚನೆಯಿಲ್ಲದೆ ಕೊಟ್ಟವಳು, ಇದನ್ನು ಮಾತ್ರ ಕಪಾಟಿನಲ್ಲಿ ಇದ್ದ ಜಾಗದಲ್ಲೇ ಇಟ್ಟು ಬಂದೆ. ಮನೆಯಲ್ಲಿ ಯಜಮಾನರು ಚೀಲದೊಳಗೆ ನೋಡಿ, "ನಿನಗೇನು ತಂದೆ?" ಎಂದು ಕೇಳಿದರು. ಏನು ಹೇಳಬೇಕೋ ತೋಚದೆ ಅಕ್ಕಿ ರುಬ್ಬಲು ಹೋದೆ.

ಆ ಎರಡು ಗಂಟೆ ನನಗೆ ತುಂಬಾ ಸಂತೋಷ ಕೊಟ್ಟಿತು. ಆ ಸಂತೋಷದ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಕೇಳುವುದು ಬೇರೆ. ಮಕ್ಕಳಾದ ಮೇಲೆ ಹಲವು ವರ್ಷ ತನಗಾಗಿ ಪುಸ್ತಕ ಆರಿಸದೇ ಇದ್ದವರು ತಮ್ಮ ರುಚಿಯನ್ನು ಮತ್ತೆ ಹೇಗೆ ಹುಡುಕಿಕೊಂಡಿರಿ? ಸಿಕ್ಕುವುದೇ ಅಪರೂಪವಾದ ಇಂಥ ಸಂಜೆಯನ್ನು ಅಂಗಡಿಯಲ್ಲಿ ಹೇಗೆ ಕಳೆಯುತ್ತೀರಿ? ಮತ್ತು ಅದು ನಾಲ್ಕು ವರ್ಷಕ್ಕೊಮ್ಮೆ ಒದಗುವ ಅದೃಷ್ಟವಾಗದಂತೆ ಮನೆಯಲ್ಲಿ ಏನು ಏರ್ಪಾಡು ಮಾಡಿಕೊಂಡಿದ್ದೀರಿ?


ಉತ್ತರ: ದಿನದ ರೈಲಿನ ಪ್ರಯಾಣಿಕ, ತುಮಕೂರು

ಟೀಚರ್, ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಬಲ್ಲೆ. ಹನ್ನೊಂದು ವರ್ಷಗಳಿಂದ ಕೆಲಸಕ್ಕಾಗಿ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದೇನೆ. ಒಂದು ಕಡೆಗೆ ಸುಮಾರು 70 ಕಿ.ಮೀ. ದಾರಿ. ಕಿಟಕಿಯ ಪಕ್ಕ ಜಾಗ ಸಿಕ್ಕಿದ ದಿನ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಓದುತ್ತೇನೆ. ಮಗ ಹುಟ್ಟಿದ ಮೇಲೂ ನನ್ನ ಓದು ನಿಲ್ಲಲಿಲ್ಲ ಎಂದು ಸ್ನೇಹಿತರ ಬಳಿ ಹೇಳಿಕೊಂಡದ್ದೂ ಉಂಟು. ನಿಮ್ಮ ಬರಹ ಓದಿದ ರಾತ್ರಿ, ನನ್ನ ಹೆಂಡತಿಯ ಕೈಯಲ್ಲಿ ಅವಳದೇ ಒಂದು ಪುಸ್ತಕವನ್ನು ಕೊನೆಯ ಬಾರಿ ಯಾವಾಗ ನೋಡಿದೆ ಎಂದು ನೆನಪಿಸಿಕೊಳ್ಳಲು ಕುಳಿತೆ. ನೆನಪಾಗಲಿಲ್ಲ. ಮದುವೆಯ ಹೊತ್ತಿಗೆ ಅವಳು ತವರಿನಿಂದ ತಂದ ಎರಡು ಪೆಟ್ಟಿಗೆ ಪುಸ್ತಕಗಳು ಇನ್ನೂ ಅಟ್ಟದ ಮೇಲೆಯೇ ಇವೆ.

ನಿಮ್ಮ ಯಜಮಾನರು ಮಾಡಿದ ಕೆಲಸದಲ್ಲಿ ನನಗೆ ಬಹಳ ಸರಿ ಎನಿಸಿದ್ದು, ಅವರು ಮಕ್ಕಳನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋದದ್ದು. ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು "ನೀನು ಹೋಗಿ ಬಾ" ಎಂದರೆ, ಹೋದವರ ಫೋನು ಹತ್ತು ನಿಮಿಷಕ್ಕೊಮ್ಮೆ ರಿಂಗಾಗುತ್ತದೆ. ಸಕ್ಕರೆ ಡಬ್ಬ ಎಲ್ಲಿ, ಮಗುವಿನ ಚಡ್ಡಿ ಎಲ್ಲಿ ಎಂದು ಕೇಳುವವನು ನಾನೇ ಆಗಿರುತ್ತೇನೆ. ಇನ್ನು ಮುಂದೆ ನಾವು ಎರಡನೇ ಶನಿವಾರವನ್ನು ಅವಳ ಸಂಜೆಯೆಂದು ಇಟ್ಟುಕೊಂಡಿದ್ದೇವೆ. ಅಂದು ನನ್ನ ಕಚೇರಿಗೆ ರಜೆ. ಐದು ಗಂಟೆಯಿಂದ ಎಂಟರವರೆಗೆ ಮಗ, ಊಟ, ಪಾತ್ರೆ ಎಲ್ಲವೂ ನನ್ನ ಪಾಲಿಗೆ. ಕ್ಯಾಲೆಂಡರಿನಲ್ಲಿ ಗುರುತು ಹಾಕದ ಬಿಡುವನ್ನು ಯಾವುದಾದರೂ ಗೃಹಪ್ರವೇಶವೋ ನಾಮಕರಣವೋ ನುಂಗಿಬಿಡುತ್ತದೆ. ಆದ್ದರಿಂದ ದಯವಿಟ್ಟು ದಿನಾಂಕವನ್ನು ಗೊತ್ತು ಮಾಡಿಕೊಳ್ಳಿ.


ಉತ್ತರ: ಪುಸ್ತಕದಂಗಡಿಯ ಕೆಲಸಗಾರ, ಕೋಲಾರ

ಮೇಡಂ, ಹದಿನಾಲ್ಕು ವರ್ಷಗಳಿಂದ ಕೋಲಾರದಲ್ಲಿ ಪುಸ್ತಕದಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಒಬ್ಬರೇ ಬರುವ ತಾಯಂದಿರು, ಎಷ್ಟೋ ಸಲ ತಂದೆಯರೂ, ಮೊದಲು ಮಕ್ಕಳ ಕಪಾಟಿನ ಮುಂದೆಯೇ ನಿಲ್ಲುತ್ತಾರೆ. ನಿಮ್ಮ ನಲವತ್ತು ನಿಮಿಷ ನನಗೆ ಹೊಸದೇನೂ ಅಲ್ಲ. ನನ್ನ ಸಲಹೆಯೆಂದರೆ, ಕ್ರಮವನ್ನು ತಿರುಗಿಸಿ. ಮೊದಲು ನಿಮ್ಮ ಪುಸ್ತಕ ನೋಡಿ ಕೌಂಟರಿನಲ್ಲಿ ಕೊಟ್ಟು ತೆಗೆದಿಡಲು ಹೇಳಿ, ಆಮೇಲೆ ಮಕ್ಕಳ ಕಡೆಗೆ ಹೋಗಿ. ಮಕ್ಕಳ ಪುಸ್ತಕ ಆರಿಸಲು ನಿಮಗೆ ಕಾಲು ಗಂಟೆ ಸಾಕು, ಅದು ನಿಮಗೆ ಕೈಗೂಡಿದ ಕೆಲಸ.

ಬರುವ ಕಾಲವೂ ಮುಖ್ಯ. ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ನಮ್ಮಂಥ ಊರುಗಳ ಪುಸ್ತಕದಂಗಡಿಯೆಂದರೆ ನೋಟ್‌ಬುಕ್ಕು, ಗೈಡು, ಲೇಬಲ್ಲು, ಬ್ರೌನ್ ಪೇಪರ್. ಕಾದಂಬರಿಯ ಕಪಾಟಿನ ಮುಂದೆಯೇ ನೋಟ್‌ಬುಕ್ಕಿನ ಕಟ್ಟುಗಳನ್ನು ಪೇರಿಸಿಟ್ಟಿರುತ್ತೇವೆ, ಆಗ ಯಾರಿಗೂ ನಿಂತು ಓದಲು ಜಾಗವಿರುವುದಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವದ ನಿಮಿತ್ತ ಹಲವು ಕಡೆ ಕನ್ನಡ ಪುಸ್ತಕಗಳಿಗೆ ಹೆಚ್ಚಿನ ರಿಯಾಯಿತಿ ಇರುತ್ತದೆ. ವಾರದ ನಡುವಿನ ದಿನಗಳಲ್ಲಿ, ಸಂಜೆ ಆರರ ನಂತರ ಅಂಗಡಿ ತಣ್ಣಗಿರುತ್ತದೆ. ಹುಡುಗ ಬಂದು ಏನು ಬೇಕೆಂದು ಕೇಳಿದರೆ, "ನೋಡುತ್ತೇನೆ, ಬೇಕಾದಾಗ ಕರೆಯುತ್ತೇನೆ" ಎಂದುಬಿಡಿ. ಅವನಿಗೆ ಬೇಸರವಾಗುವುದಿಲ್ಲ. ಸ್ಟೂಲು ಕೇಳಿ ಪಡೆಯಿರಿ. ಓದಿ ನೋಡಿ ಕೊಳ್ಳದೇ ಹೋದರೂ ಸಂಕೋಚಪಡಬೇಡಿ. ಹಾಗೆ ಓದಿ ಹೋದವರೇ ಮುಂದಿನ ತಿಂಗಳು ಅದೇ ಪುಸ್ತಕ ಹುಡುಕಿಕೊಂಡು ಬರುವುದನ್ನು ಎಷ್ಟೋ ಬಾರಿ ನೋಡಿದ್ದೇನೆ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ನೀವೇ ಓದಿದ್ದೀರಿ, ಪ್ರತಿಗಳು 1000 ಎಂದು. ಇಡೀ ನಾಡಿಗೆ ಅಷ್ಟೇ. ಈಗೀಗ 500 ಪ್ರತಿ, ಅದಕ್ಕಿಂತ ಕಡಿಮೆ ಅಚ್ಚು ಹಾಕಿಸುವವರೂ ಇದ್ದಾರೆ. ಜಿಲ್ಲಾ ಕೇಂದ್ರದ ಸಣ್ಣ ಅಂಗಡಿಗೆ ಅದರಲ್ಲಿ ಎರಡೋ ಮೂರೋ ಬಂದಿರುತ್ತವೆ. ಅವು ಮುಗಿದ ಮೇಲೆ ಮರುಮುದ್ರಣ ಆಗುತ್ತದೆಂಬ ಭರವಸೆಯಿಲ್ಲ. ಮಕ್ಕಳ ಚಿತ್ರಪುಸ್ತಕ ಮುಂದಿನ ವರ್ಷವೂ ಸಿಗಬಹುದು, ಆದರೆ ನಿಮ್ಮ ನೀಲಿ ಮುಖಪುಟದ ಕಥೆಗಳು ಸಿಗದೇ ಹೋಗಬಹುದು. ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಆದ್ದರಿಂದ ಹಿಂಬದಿಯ 220ರ ಮೇಲೆ ಏನೂ ಸೇರುವುದಿಲ್ಲ. ಕೇಳಿದರೆ ಬಹುತೇಕ ಅಂಗಡಿಯವರು ಅದರಲ್ಲೂ ಸ್ವಲ್ಪ ಬಿಡುತ್ತಾರೆ. ನಾಳೆಯೇ ಫೋನು ಮಾಡಿ ತೆಗೆದಿಡಲು ಹೇಳಿ.

ಇನ್ನು ರುಚಿಯ ಮಾತು. ಬಹಳ ವರ್ಷಗಳ ನಂತರ ಓದಿಗೆ ಮರಳುವವರಿಗೆ ನಾನು ದೊಡ್ಡ ಕಾದಂಬರಿ ಕೊಡುವುದಿಲ್ಲ. ಅರ್ಧಕ್ಕೆ ನಿಂತರೆ ತಮ್ಮ ಮೇಲೆಯೇ ಬೇಸರ ಮಾಡಿಕೊಂಡು ಮತ್ತೆ ಆರು ತಿಂಗಳು ಬರುವುದಿಲ್ಲ. ಸಣ್ಣಕಥೆಯಾದರೆ, ಮಗು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಒಂದು ಮುಗಿಯುತ್ತದೆ. ಸಣ್ಣಕಥೆಗೆ ಕನ್ನಡದಲ್ಲಿ ಗಟ್ಟಿಯಾದ ದಾರಿ ಹಾಕಿಕೊಟ್ಟ, 1983ರ ಜ್ಞಾನಪೀಠ ಪ್ರಶಸ್ತಿ ಪಡೆದ ಮಾಸ್ತಿಯವರು ನಮ್ಮ ಮಾಲೂರು ತಾಲ್ಲೂಕಿನವರು. ನಮ್ಮ ಅಂಗಡಿಯಲ್ಲಿ ಅವರಿಗೆ ಮತ್ತು ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರಿಗೆ ಬೇರೆಯೇ ಒಂದು ಸಾಲಿದೆ. ಏನು ಬೇಕೋ ಗೊತ್ತಿಲ್ಲ ಎನ್ನುವವರನ್ನು ನಾನು ಮೊದಲು ಆ ಸಾಲಿಗೆ ಕರೆದುಕೊಂಡು ಹೋಗುತ್ತೇನೆ, ಏಕೆಂದರೆ ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿದ ಹೆಸರನ್ನು ಕೈಯಲ್ಲಿ ಹಿಡಿದಾಗ ಜನರಿಗೆ ಅಳುಕು ಕಡಿಮೆಯಾಗುತ್ತದೆ. 2025ರಲ್ಲಿ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ, ಕಥಾಸಂಕಲನ ಕೇಳಿಕೊಂಡು ಬರುವ ಹೆಣ್ಣುಮಕ್ಕಳು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರು ಈಗ ತಿಂಗಳಿಗೊಮ್ಮೆ ಬರುತ್ತಾರೆ, ಬಂದರೆ ಒಂದು ಗಂಟೆ ನಿಲ್ಲುತ್ತಾರೆ.


ಉತ್ತರ: ರೇಷ್ಮೆ ಮನೆಯ ತಾಯಿ, ಶಿಡ್ಲಘಟ್ಟ ತಾಲ್ಲೂಕು

ಅಕ್ಕಾ, ನಮ್ಮದು ಹುಳು ಸಾಕುವ ಮನೆ. ಹಾಗಾಗಿ ನನ್ನ ಸಂಜೆಗೆ ಶನಿವಾರ, ಭಾನುವಾರ ಎಂಬುದಿಲ್ಲ, ಅದು ಬೆಳೆಯ, ಅಂದರೆ ಒಂದೊಂದು ತಂಡ ಹುಳುವಿನ, ಲೆಕ್ಕದಲ್ಲಿ ಬರುತ್ತದೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎರಡನೆಯ ಜ್ವರ ಎದ್ದ ಹುಳುಗಳನ್ನು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಮನೆಗೆ ತಂದ ದಿನದಿಂದ ಮುಂದೆ ಎರಡು ಎರಡೂವರೆ ವಾರ ನಮಗೆ ಬೇರೆ ಲೋಕವೇ ಇಲ್ಲ. ಅದರಲ್ಲಿಯೂ ನಾಲ್ಕನೆಯ ಜ್ವರ ಎದ್ದ ಮೇಲಿನ ಏಳೆಂಟು ದಿನ ಹುಳುವಿನ ಹಸಿವು ಹೇಳತೀರದು. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ 100ಕ್ಕೆ 80ರಷ್ಟು ಆ ದಿನಗಳಲ್ಲಿಯೇ ಖರ್ಚಾಗುತ್ತದೆ. ಬೆಳಗಿನ ಜಾವ ಸೊಪ್ಪು ಕೊಯ್ದು ತಂದು ಹಾಕಿ, ಐದು ವರ್ಷದ ಮಗನನ್ನು ಶಾಲೆಗೆ ಕಳುಹಿಸಿ, ಮತ್ತೆ ಸೊಪ್ಪು ಹಾಕಿ, ರಾತ್ರಿ ಕೊನೆಯ ಸಲ ಹಾಕಿ ಮಲಗುವ ಹೊತ್ತಿಗೆ ಪುಸ್ತಕದ ಯೋಚನೆಯೂ ಸುಳಿಯುವುದಿಲ್ಲ.

ಆಮೇಲೆ ಒಂದು ದಿನ ಹುಳು ಹಣ್ಣಾಗುತ್ತದೆ. ಮೇಯುವುದನ್ನು ಬಿಟ್ಟು, ಮೈ ಬೆಳಕಿಗೆ ಹೊಳೆಯುವಂತಾಗಿ, ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ. ಮನೆಮಂದಿಯೆಲ್ಲ ಸೇರಿ ಆರಿಸಿ, ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟರೆ, ಅಲ್ಲಿಂದ ಗೂಡು ಬಿಡಿಸುವ ಐದಾರು ದಿನಗಳವರೆಗೆ ಅದಕ್ಕೆ ಸೊಪ್ಪು ಬೇಡ. ಗಾಳಿ ಆಡುತ್ತಿದೆಯೇ, ತೇವ ಹೆಚ್ಚಿದೆಯೇ ಎಂದು ನೋಡಿಕೊಳ್ಳುವವರು ಒಬ್ಬರಿದ್ದರೆ ಸಾಕು. ಆ ದಿನಗಳಲ್ಲಿ ಒಂದು ಸಂಜೆ ನನ್ನದು. ನನ್ನ ಓರಗಿತ್ತಿಗೂ ಚಿಕ್ಕ ಮಕ್ಕಳಿದ್ದಾರೆ. ನಾವಿಬ್ಬರೂ ಮಾತನಾಡಿಕೊಂಡಿದ್ದೇವೆ: ಒಂದು ಬೆಳೆಗೆ ನಾನು ಹೋಗುವುದು, ಮಕ್ಕಳನ್ನೆಲ್ಲ ಅವಳು ನೋಡಿಕೊಳ್ಳುವುದು, ಮುಂದಿನ ಬೆಳೆಗೆ ಅವಳು ತವರಿಗೋ ಸಿನಿಮಾಕ್ಕೋ ಹೋದರೆ ಮಕ್ಕಳು ನನ್ನ ಜೊತೆ. ಇದಕ್ಕಾಗಿ ಗಂಡಸರನ್ನು ಕೇಳಬೇಕಾಗಿ ಬಂದಿಲ್ಲ, ಅತ್ತೆಯವರೂ ಬೇಡವೆಂದಿಲ್ಲ.

ಮಧ್ಯಾಹ್ನದ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇನೆ. ಸೀಟು ಸಿಕ್ಕರೆ ಕಿಟಕಿಗೆ ತಲೆಯಿಟ್ಟು ಹತ್ತು ನಿಮಿಷ ನಿದ್ರೆ, ಅದೂ ನನ್ನ ಸಂಜೆಯ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿನ ಸಣ್ಣ ಪುಸ್ತಕದಂಗಡಿಯ ಯಜಮಾನರು ವಯಸ್ಸಾದವರು. ನಾನು ಒಳಗೆ ಬಂದರೆ ಮಾತನಾಡದೆ ಸ್ಟೂಲನ್ನು ಕಪಾಟಿನ ಪಕ್ಕಕ್ಕೆ ಸರಿಸಿ, ಫ್ಯಾನಿನ ಗುಂಡಿ ಒತ್ತಿ, ತಮ್ಮ ಪಾಡಿಗೆ ಪತ್ರಿಕೆ ಓದುತ್ತಿರುತ್ತಾರೆ.

ನೀವು ರುಚಿ ಹುಡುಕುವ ಬಗೆ ಕೇಳಿದ್ದೀರಿ. ಮೊದಲ ವರ್ಷ ನನಗೂ ನಿಮ್ಮ ಹಾಗೆಯೇ ಗಾಬರಿಯಾಗಿತ್ತು. ಈಗ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಯಾವುದಾದರೂ ಪುಸ್ತಕದ ಬಗ್ಗೆ ಓದಿ ಇಷ್ಟವಾದರೆ, ಕೂಲಿ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹೆಸರು ಬರೆದಿಡುತ್ತೇನೆ. ಹುಳು ಮೇಯುವ ದಿನಗಳಲ್ಲಿ ಅಂಥ ಐದಾರು ಹೆಸರು ಸೇರಿರುತ್ತವೆ, ಅಂಗಡಿಗೆ ಹೋಗುವಾಗ ಖಾಲಿ ಕೈಯಲ್ಲಿ ಹೋದಂತಾಗುವುದಿಲ್ಲ. ಇನ್ನೊಂದು, ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡ ಮೇಲೆ ಬೆನ್ನುಡಿಯನ್ನು ನಂಬಿ ಕೊಳ್ಳುವುದಿಲ್ಲ. ನಡುವಿನ ಒಂದು ಪುಟ ತೆಗೆದು, ತುಟಿ ಅಲ್ಲಾಡುವಷ್ಟು ಮೆಲ್ಲಗೆ ಓದಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ತೆಲುಗೂ ಕನ್ನಡವೂ ಕಲೆತ ಮಾತು. ಅಂಥ ನಾಲಿಗೆಯಲ್ಲೂ ಎಡವದೆ ಹರಿಯುವ ಗದ್ಯವಾದರೆ ಅದು ನನಗೆ ಒಗ್ಗುತ್ತದೆ ಎಂದರ್ಥ. ಹೀಗೆ ಆರಿಸಿದ ಪುಸ್ತಕಗಳಲ್ಲಿ ಎರಡು ಮಾತ್ರ ಕೈಕೊಟ್ಟಿವೆ.

ಆರು ವರ್ಷದಲ್ಲಿ ಹದಿನಾಲ್ಕು ಪುಸ್ತಕಗಳಾಗಿವೆ ಅಕ್ಕಾ. ಓದಲು ಒಂದೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪುಟದ ಗುರುತಿಗೆ ಆ ಬೆಳೆಯ ಗೂಡು ಮಾರಿದ ಮಾರುಕಟ್ಟೆ ಚೀಟಿಯನ್ನೇ ಇಡುತ್ತೇನೆ. ಈಗ ಯಾವುದಾದರೂ ಹಳೆಯ ಪುಸ್ತಕ ತೆಗೆದರೆ, ಯಾವ ಬೆಳೆಗೆ ಗೂಡಿಗೆ ಎಷ್ಟು ಬೆಲೆ ಸಿಕ್ಕಿತ್ತು, ಆಗ ಮಗನಿಗೆ ಎಷ್ಟು ತಿಂಗಳಾಗಿತ್ತು, ಯಾವ ಕಥೆಯನ್ನು ಓದುತ್ತಾ ಅತ್ತಿದ್ದೆ, ಎಲ್ಲವೂ ಒಟ್ಟಿಗೆ ನೆನಪಿಗೆ ಬರುತ್ತವೆ. ನೀವು ಆ ನೀಲಿ ಪುಸ್ತಕವನ್ನು ಇಟ್ಟು ಬಂದದ್ದು ಓದಿ ನನಗೆ ಸಂಕಟವಾಯಿತು. ದಯವಿಟ್ಟು ಹೋಗಿ ತನ್ನಿ.


ಉತ್ತರ: ಮೊಮ್ಮಗಳ ಅಜ್ಜಿ, ತಿಪಟೂರು

ತಾಯಿ, ನಾನು ಮೊಮ್ಮಗಳನ್ನು ನೋಡಿಕೊಳ್ಳುವ ಅಜ್ಜಿ, ಆದ್ದರಿಂದ ಆಚೆ ಬದಿಯಿಂದ ಎರಡು ಮಾತು. ರೈಲಿನಲ್ಲಿ ಓಡಾಡುವವರು ದಿನಾಂಕ ಗೊತ್ತು ಮಾಡಿಕೊಳ್ಳಿ ಎಂದಿದ್ದಾರೆ. ಅವರ ಮನಸ್ಸು ಒಳ್ಳೆಯದು, ಆದರೆ ಮಗು ಮೂರು ವರ್ಷದ್ದಿರುವಾಗ ಜ್ವರ ದಿನಾಂಕ ನೋಡಿ ಬರುವುದಿಲ್ಲ. ಎರಡನೇ ಶನಿವಾರ ತಪ್ಪಿದರೆ ಆ ತಿಂಗಳೇ ತಪ್ಪಿಹೋಗುತ್ತದೆ. ತಪ್ಪಿದ್ದನ್ನು ಅದೇ ವಾರದ ಇನ್ನೊಂದು ದಿನಕ್ಕೆ ಹಾಕಿಕೊಳ್ಳುವ ಒಪ್ಪಂದವೂ ಜೊತೆಗೆ ಇರಲಿ.

ನನ್ನ ಸೊಸೆ ನನ್ನನ್ನು ಕೇಳಲು ಎರಡು ವರ್ಷ ಹಿಂಜರಿದಳು. ಔಷಧಿ ತರಬೇಕು, ಬ್ಯಾಂಕಿಗೆ ಹೋಗಬೇಕು ಎಂದರೆ ಧೈರ್ಯವಾಗಿ ಮಗುವನ್ನು ಬಿಟ್ಟು ಹೋಗುತ್ತಿದ್ದವಳು, ಪುಸ್ತಕದಂಗಡಿಗೆ ಎಂದು ಬಾಯಿಬಿಟ್ಟು ಹೇಳಲಾರದೆ, ದರ್ಜಿಯ ಹತ್ತಿರ ಹೋಗುತ್ತೇನೆ ಎಂದು ಹೇಳಿ ಹೋಗುತ್ತಿದ್ದಳಂತೆ. ಅದು ತಿಳಿದಾಗ ನನಗೆ ನೋವಾಯಿತು. ನಾನೂ ಓದುವವಳೇ. ಹಿರಿಯರು ಮನೆಯಲ್ಲಿದ್ದರೆ ನಿಜವಾದ ಕಾರಣ ಹೇಳಿಯೇ ಕೇಳು ತಾಯಿ. ಮುಂಚಿತವಾಗಿ ಹೇಳಿದರೆ ನಾವು ನಮ್ಮ ಮೊಣಕಾಲಿನ ಎಣ್ಣೆ, ಸಂಜೆಯ ಭಜನೆ ಎಲ್ಲವನ್ನೂ ಹೊಂದಿಸಿಕೊಳ್ಳುತ್ತೇವೆ.

ದುಡ್ಡಿಲ್ಲದ ತಿಂಗಳು ಸಂಜೆಯನ್ನು ಬಿಡಬೇಡ. ತುಮಕೂರಿನಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಮನೆ ಕಂದಾಯದಲ್ಲಿಯೇ ಗ್ರಂಥಾಲಯ ಕರವೂ ಸೇರಿರುತ್ತದೆ, ಅಲ್ಲಿನ ಪುಸ್ತಕಕ್ಕೆ ನೀನು ಆಗಲೇ ಹಣ ಕೊಟ್ಟಿದ್ದೀಯೆ. ನಾನು ನನ್ನ ಮೂವತ್ತನೆಯ ವಯಸ್ಸಿನಲ್ಲಿ ಓದಿದ್ದೆಲ್ಲ ಇಲ್ಲಿನ ಗ್ರಂಥಾಲಯದ್ದೇ. ಆದರೂ ಅಂಗಡಿಯಲ್ಲಿ ನನ್ನ ಹಣ ಕೊಟ್ಟು, ನನ್ನ ಹೆಸರು ಬರೆದಿಟ್ಟುಕೊಂಡ ಪುಸ್ತಕಗಳು ಏಳೇ ಏಳು. ಇನ್ನೂ ಹತ್ತು ಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.


ಪ್ರಶ್ನೆ ಕೇಳಿದವರ ಮರುಮಾತು: ಗಣಿತದ ಟೀಚರ್, ತುಮಕೂರು

ಎಲ್ಲರಿಗೂ ಧನ್ಯವಾದ. ಕೋಲಾರದ ಸರ್ ಹೇಳಿದಂತೆ ಸೋಮವಾರ ಬೆಳಿಗ್ಗೆಯೇ ಅಂಗಡಿಗೆ ಫೋನು ಮಾಡಿದೆ. ಪುಸ್ತಕದ ಹೆಸರು ನನಗೆ ಸರಿಯಾಗಿ ನೆನಪಿರಲಿಲ್ಲ. "ನೀಲಿ ಮುಖಪುಟ, ಬಾವಿಯ ಹಗ್ಗದ ಕಥೆ ಇದೆ" ಎಂದಷ್ಟೇ ಹೇಳಿದೆ. ಅಂದು ನನ್ನನ್ನು ಏನು ಬೇಕೆಂದು ಕೇಳಿದ್ದ ಹುಡುಗನೇ ಫೋನು ತೆಗೆದುಕೊಂಡಿದ್ದ. "ನೀವು ನಿಂತು ಓದುತ್ತಿದ್ದಿರಲ್ಲ ಮೇಡಂ, ಅದೇ ತಾನೆ? ಒಂದೇ ಪ್ರತಿ ಇದೆ, ತೆಗೆದಿಡುತ್ತೇನೆ" ಎಂದ. ಬುಧವಾರ ಶಾಲೆ ಬಿಟ್ಟ ಮೇಲೆ ಹೋಗಿ 198 ರೂಪಾಯಿ ಕೊಟ್ಟು ತಂದೆ. ಮಕ್ಕಳ ಕಪಾಟಿನ ಕಡೆಗೆ ಅಂದು ತಿರುಗಲೂ ಇಲ್ಲ. ಮಗಳು ಚೀಲ ಹುಡುಕಿ, "ಇದರಲ್ಲಿ ಚಿತ್ರವೇ ಇಲ್ಲ, ಇದು ಯಾರದು?" ಎಂದು ಕೇಳಿದಾಗ, ನನ್ನದು ಎಂದೆ. ಅವಳು ಪೆನ್ಸಿಲ್ ತಂದು, ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ "ಅಮ್ಮ" ಎಂದು ಬರೆದಳು. ಮಗ್ಗುಲಲ್ಲಿ ಕುಳಿತು ನೋಡುತ್ತಿದ್ದೆ, ಆ ಮಕಾರದ ಒತ್ತನ್ನು ಅವಳು ಯಾರೂ ಹೇಳಿಕೊಡದೆ ಸರಿಯಾಗಿ ಹಾಕಿದಳು.

ತಿಪಟೂರಿನ ಅಮ್ಮನವರೇ, ನಮ್ಮ ಅತ್ತೆಯವರು ಊರಿನಲ್ಲಿರುತ್ತಾರೆ, ಆದರೆ ನಿಮ್ಮ ಮಾತನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಯಜಮಾನರೊಂದಿಗೆ ಮಾತನಾಡಿ, ತಿಂಗಳ ಎರಡನೇ ಶನಿವಾರ ಎಂದೂ, ತಪ್ಪಿದರೆ ಮುಂದಿನ ಬುಧವಾರ ಎಂದೂ ಗೊತ್ತು ಮಾಡಿಕೊಂಡಿದ್ದೇವೆ. ಅವರು ತಮಗೂ ಒಂದು ಸಂಜೆ ಬೇಕೆಂದು ಕೇಳಿದರು, ಅದಕ್ಕೆ ನಾಲ್ಕನೇ ಶನಿವಾರ ಕೊಟ್ಟಿದ್ದೇನೆ.

ಶಿಡ್ಲಘಟ್ಟದ ತಂಗಿ, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ. ಬಾವಿಯ ಹಗ್ಗದ ಕಥೆಯ ಕೊನೆಯ ಪುಟಗಳನ್ನು ನಿನ್ನೆ ರಾತ್ರಿ, ನೀವು ಹೇಳಿದ ಹಾಗೆ ತುಟಿ ಅಲ್ಲಾಡಿಸಿಕೊಂಡು ಮುಗಿಸಿದೆ. ಈ ಪುಸ್ತಕ ನಿಮ್ಮ ನಾಲಿಗೆಗೂ ಒಗ್ಗುತ್ತದೆ ಎಂದು ನನಗೆ ನಂಬಿಕೆಯಿದೆ, ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಗೆ ಸೇರಿಸಿಕೊಳ್ಳಲು ಹೆಸರನ್ನು ನಿಮಗೆ ಪ್ರತ್ಯೇಕವಾಗಿ ಬರೆದು ಕಳುಹಿಸುತ್ತೇನೆ. ನಿಮ್ಮ ಮುಂದಿನ ಸರದಿಯ ಬೆಳೆ ಚಂದ್ರಿಕೆಗೆ ಬರುವುದು ಯಾವಾಗ?